ಡಿ2ಎಸ್ ಬಲ್ಬಿನ ಹೊರಗಾಜು ಕತ್ತರಿಸಬೇಡಿ, ರಿಫ್ಲೆಕ್ಟರಿನ ತೂತು ಹಿಗ್ಗಿಸಿ

ಪ್ರಶ್ನೆ: ನಾನು ಫ್ಯಾಬ್ರಿಕೇಶನ್ ಕೆಲಸದವನು. ಅಡಿಕೆ ತೋಟದ ಆಚೆಗಿನ ಗದ್ದೆಗೆ ರಾತ್ರಿ ಕಾಡುಹಂದಿ ನುಗ್ಗುತ್ತದೆ. ಮನೆಯಿಂದ ಅಲ್ಲಿಗೆ ಸುಮಾರು 600 ಮೀಟರ್. ಅಲ್ಲಿವರೆಗೆ ಬೆಳಕು ಹಾಯಿಸಲು ಅಲ್ಯುಮಿನಿಯಂ ಪೈಪನ್ನು ಲೇತ್‌ನಲ್ಲಿ ಕಡೆದು ಒಂದು ಟಾರ್ಚ್ ಮಾಡುತ್ತಿದ್ದೇನೆ. ಹಳೆಯ ಹ್ಯಾಲೊಜೆನ್ ಸರ್ಚ್‌ಲೈಟಿನ 100 ಮಿ.ಮೀ. ಲೋಹದ ರಿಫ್ಲೆಕ್ಟರ್, ಗುಜರಿ ಕಾರಿನಿಂದ ಬಿಚ್ಚಿದ ಎರಡು ಡಿ2ಎಸ್ ಎಚ್‌ಐಡಿ ಬಲ್ಬು (ಬೆಳಗುವ ತಂತಿಯ ಬದಲು ಅನಿಲದಲ್ಲಿ ವಿದ್ಯುತ್ ಹರಿದು ಉರಿಯುವ ಹೆಡ್‌ಲೈಟ್ ಬಲ್ಬು), ಅದಕ್ಕೆ ತಕ್ಕ ವಿದ್ಯುತ್ ಕೊಡುವ 35 ವ್ಯಾಟ್ ಬ್ಯಾಲಸ್ಟ್ ಇವೆ. ರಿಫ್ಲೆಕ್ಟರಿನ ತೂತು ಬರೀ 11 ಮಿ.ಮೀ. ಪಕ್ಕದ ತಂತಿಯಿಂದಾಗಿ ಬಲ್ಬು ಒಳಗೆ ಹೋಗುವುದಿಲ್ಲ. ಹೊರಗಿನ ಗಾಜು ತೆಗೆದು ತಂತಿಯನ್ನು ಒಳಕ್ಕೆ ಬಾಗಿಸಿದರೆ ಹಿಡಿಸುತ್ತದೆ ಎಂದು ಒಂದು ಬಲ್ಬಿನ ಗಾಜನ್ನು ಡೈಮಂಡ್ ಡಿಸ್ಕಿನಲ್ಲಿ ಕತ್ತರಿಸಿದ್ದೇನೆ, ಇನ್ನೂ ಹೊತ್ತಿಸಿಲ್ಲ. ಇನ್ನೊಂದನ್ನು ಕ್ಲಿಪ್ ಹಾಕಿ ಹೊತ್ತಿಸಿ ನೋಡಿದಾಗ ಒಮ್ಮೊಮ್ಮೆ ಚಿಟ್ ಚಿಟ್ ಸದ್ದು ಮಾತ್ರ ಬರುತ್ತದೆ, ಒಮ್ಮೊಮ್ಮೆ ಹೊತ್ತಿ ಎರಡು ಸೆಕೆಂಡಿಗೆ ಆರಿಹೋಗುತ್ತದೆ. ಬ್ಯಾಟರಿ ಡ್ರಿಲ್ ಮೆಶಿನ್ನಿನ ಮೂರು ಸೆಲ್ಲಿನ ಲಿಥಿಯಂ ಪ್ಯಾಕ್. 55 ವ್ಯಾಟ್ ಬ್ಯಾಲಸ್ಟ್ ಹಾಕಬಹುದೇ? 8000 ಕೆಲ್ವಿನ್ ಬಲ್ಬು ಹಾಕಿದರೆ ಇನ್ನೂ ದೂರ ಹೋಗುತ್ತದೆಯೇ? ಹಳೆಯ ಪ್ರೊಜೆಕ್ಟರ್ ಬಲ್ಬೂ ಒಂದಿದೆ, ಅದು ಆಗುತ್ತದೆಯೇ?

ಉತ್ತರ: ಗಾಜು ಕತ್ತರಿಸಿದ ಬಲ್ಬನ್ನು ದಯವಿಟ್ಟು ಹೊತ್ತಿಸಬೇಡಿ. ಒಂದು ಸಲ ನೋಡೋಣ ಎಂದೂ ಬೇಡ. ಬಟ್ಟೆಯಲ್ಲಿ ಸುತ್ತಿ, ಗಟ್ಟಿ ಡಬ್ಬಿಯಲ್ಲಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಿ. ಡಬ್ಬಿಗೆ ಹಾಕುವಾಗಲೂ ಕನ್ನಡಕ ಇರಲಿ. ಒಳಗಿನ ಪುಟ್ಟ ಗುಳ್ಳೆಯಲ್ಲಿ ಕ್ಸೆನಾನ್ ಅನಿಲವನ್ನು ತಣ್ಣಗಿರುವಾಗಲೇ ಹೊರಗಿನ ಗಾಳಿಗಿಂತ ಹಲವು ಪಟ್ಟು ಒತ್ತಡದಲ್ಲಿ ತುಂಬಿರುತ್ತಾರೆ, ಜೊತೆಗೆ ಅರ್ಧ ಮಿಲಿಗ್ರಾಂನಷ್ಟು ಪಾದರಸವೂ ಇದೆ. ಡಿಸ್ಕ್ ಒಳಗಿನ ಕ್ವಾರ್ಟ್ಜ್‌ಗೆ ತಾಗಿ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಬಿದ್ದಿದ್ದರೂ ಸಾಕು. ಹೊತ್ತಿದ ಮೇಲೆ ಒತ್ತಡ ಹೊರಗಿನ ಗಾಳಿಯ ಹತ್ತಾರು ಪಟ್ಟು ಏರಿದಾಗ ಅದು ಅಲ್ಲೇ ಬಿರಿಯುತ್ತದೆ.

ಆ ಹೊರಗಾಜು ಬರೀ ಕವರ್ ಎಂದು ಅನೇಕರು ತಿಳಿದಿದ್ದಾರೆ, ನೀವೂ ಹಾಗೆಯೇ ತಿಳಿದಂತಿದೆ. ಅದು ಮಾಡುವ ಕೆಲಸ ಮೂರು. ಮೊದಲನೆಯದು ಅತಿನೇರಳೆ ಕಿರಣ ತಡೆಯುವುದು. ಪಾದರಸ, ಸ್ಕ್ಯಾಂಡಿಯಂ ಮತ್ತು ಸೋಡಿಯಂ ಲವಣಗಳ ಆವಿಯಲ್ಲಿ ಉರಿಯುವ ಆರ್ಕ್ (ಎರಡು ಎಲೆಕ್ಟ್ರೋಡ್ ತುದಿಗಳ ನಡುವಿನ ವಿದ್ಯುತ್ ಜ್ವಾಲೆ) ಬೆಳಕಿನ ಜೊತೆಗೆ ಧಾರಾಳವಾಗಿ ಅತಿನೇರಳೆಯನ್ನೂ ಬಿಡುತ್ತದೆ. ಒಳಗಿನ ಶುದ್ಧ ಕ್ವಾರ್ಟ್ಜ್ ಅದನ್ನು ತಡೆಯುವುದೇ ಇಲ್ಲ. ಹೊರಗಿನ ಕೊಳವೆಗೆ ಬೇರೆ ಆಕ್ಸೈಡುಗಳನ್ನು ಬೆರೆಸಿರುತ್ತಾರೆ, ಕಿರಣವನ್ನು ಹೀರುವುದು ಅದು. ನೀವು ವೆಲ್ಡಿಂಗ್ ಮಾಡುವವರು, ಕಣ್ಣಿಗೆ ಆರ್ಕ್ ಹೊಡೆದರೆ ಏನಾಗುತ್ತದೆಂದು ನಿಮಗೆ ಹೇಳಬೇಕಿಲ್ಲ. ಆಗ ಏನೂ ಅನಿಸುವುದಿಲ್ಲ, ಆರು-ಹನ್ನೆರಡು ಗಂಟೆ ಕಳೆದ ಮೇಲೆ ಕಣ್ಣಿಗೆ ಮರಳು ತುಂಬಿದಂತಾಗಿ ರೆಪ್ಪೆ ತೆರೆಯಲಾಗದು. ಹೊರಗಾಜು ತೆಗೆದ ಡಿ2ಎಸ್ ಮಾಡುವುದೂ ಅದನ್ನೇ. ವ್ಯತ್ಯಾಸ ಒಂದೇ: ವೆಲ್ಡಿಂಗ್ ಮಾಡುವಾಗ ಮುಖಕ್ಕೆ ಶೀಲ್ಡ್ ಹಿಡಿದಿರುತ್ತೀರಿ, ಟಾರ್ಚ್ ಹಿಡಿದಾಗ ಯಾರೂ ಹಿಡಿಯುವುದಿಲ್ಲ. ಟಾರ್ಚಿನ ಮುಂದೆ ಪಾಲಿಕಾರ್ಬೊನೇಟ್ ಅಥವಾ ಅಕ್ರಿಲಿಕ್ ಹಾಳೆ ಹಾಕಿದ್ದರೆ ಅದೂ ಹಳದಿಯಾಗಿ ಬಿರುಕು ಬಿಡುತ್ತದೆ.

ಎರಡನೆಯದು ಶಾಖ. ಒಳಗಿನ ಗುಳ್ಳೆ ಸರಿಯಾದ ಬಿಸಿಯಲ್ಲಿದ್ದರೆ ಮಾತ್ರ ಲವಣಗಳು ಬೇಕಾದಷ್ಟು ಆವಿಯಾಗುತ್ತವೆ. ಹೊರಗಾಜು ಹೋದರೆ ಗಾಳಿ ನೇರ ಬಡಿದು ಗುಳ್ಳೆ ತಣಿಯುತ್ತದೆ, ಲವಣ ತಳದಲ್ಲೇ ಉಳಿಯುತ್ತದೆ, ಬಣ್ಣ ನೀಲಿಗೆ ತಿರುಗುತ್ತದೆ, ಬೆಳಕೂ ಇಳಿಯುತ್ತದೆ. ಅಂದರೆ ಇಷ್ಟೆಲ್ಲ ಅಪಾಯ ಮೈಮೇಲೆ ಎಳೆದುಕೊಂಡು ಪಡೆಯುವುದು ಮೊದಲಿಗಿಂತ ಕಡಿಮೆ ಬೆಳಕು. ಮೂರನೆಯದು, ಗುಳ್ಳೆ ಒಡೆದರೆ ಚೂರುಗಳು ಆ ಕೊಳವೆಯೊಳಗೇ ಉಳಿಯುತ್ತವೆ. ಕೈಯಲ್ಲಿ ಹಿಡಿದು, ಮುಖದ ಹತ್ತಿರ ಇಟ್ಟುಕೊಳ್ಳುವ ಟಾರ್ಚಿನಲ್ಲಿ ಇದೊಂದೇ ಕಾರಣ ಸಾಕಿತ್ತು.

ಈಗ ನಿಮ್ಮ 11 ಮಿ.ಮೀ. ತೂತಿಗೆ ಬರೋಣ. ಬಲ್ಬನ್ನು ತೂತಿಗೆ ಹೊಂದಿಸಲು ಹೊರಟಿದ್ದೀರಿ, ತೂತನ್ನು ಬಲ್ಬಿಗೆ ಹೊಂದಿಸಿ. ಡಿ2ಎಸ್‌ನ ಹೊರಗಾಜಿನ ದಪ್ಪ ಸುಮಾರು 9 ಮಿ.ಮೀ. ಪಕ್ಕದಲ್ಲಿ ಸೆರಾಮಿಕ್ ಕೊಳವೆಯೊಳಗೆ ಹಿಂತಿರುಗುವ ತಂತಿ ಇದೆ. ಅದೂ ಸೇರಿ ಆರಾಮಾಗಿ ಹೋಗಲು 20 ಮಿ.ಮೀ. ತೂತು ಎಂದಿಟ್ಟುಕೊಳ್ಳಿ. ಅಷ್ಟು ದೊಡ್ಡ ತೂತು ಮಾಡಿದರೆ ರಿಫ್ಲೆಕ್ಟರೇ ಹಾಳಾಯಿತು ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. 100 ಮಿ.ಮೀ. ವ್ಯಾಸದ ಬಾಯಿಯಲ್ಲಿ 11 ಮಿ.ಮೀ. ತೂತು ತಿನ್ನುವುದು ಶೇ. 1.2ರಷ್ಟು ವಿಸ್ತೀರ್ಣ, 20 ಮಿ.ಮೀ. ತಿನ್ನುವುದು ಶೇ. 4. ಕಳೆದುಕೊಳ್ಳುವುದು ಶೇ. 3ಕ್ಕೂ ಕಡಿಮೆ. ಬೆಳಕು ಮುಟ್ಟುವ ದೂರ ತೀವ್ರತೆಯ ವರ್ಗಮೂಲದಂತೆ ಬದಲಾಗುವುದರಿಂದ ದೂರದಲ್ಲಿ ನಷ್ಟ ಶೇ. 1.5ರ ಆಸುಪಾಸು. 600 ಮೀಟರಿಗೆ 9 ಮೀಟರ್.

ಅದಲ್ಲದೆ ಆ ನಡುಭಾಗ ದೂರಕ್ಕೆ ಕೆಲಸ ಮಾಡುವ ಭಾಗವೇ ಅಲ್ಲ. ತೂತಿನ ಪಕ್ಕದ ಕನ್ನಡಿ ಆರ್ಕ್‌ಗೆ ತೀರಾ ಹತ್ತಿರ ಇರುತ್ತದೆ, ಹಾಗಾಗಿ ಅಲ್ಲಿಂದ ಹೊರಟ ಆರ್ಕ್‌ನ ಬಿಂಬ ದೊಡ್ಡದಾಗಿ ಹರಡಿ ಕಾಲಬುಡದ ಬೆಳಕಾಗುತ್ತದೆ. ದೂರಕ್ಕೆ ಹೋಗುವ ಬಿಗಿಯಾದ ಕಂಬ ಹುಟ್ಟುವುದು ಹೊರ ಅಂಚಿನ ಕನ್ನಡಿಯಿಂದ. ಆದ್ದರಿಂದ ತೂತನ್ನು ಧೈರ್ಯವಾಗಿ ಹಿಗ್ಗಿಸಿ, ಅಂಚಿಗೆ ಮಾತ್ರ ಗೀರು ಬೀಳಿಸಬೇಡಿ. ಕನ್ನಡಿಯ ಒಳಮೈಗೆ ಮೃದು ಬಟ್ಟೆ ತುಂಬಿ ಮಾಸ್ಕಿಂಗ್ ಟೇಪ್ ಹಚ್ಚಿ, ಹಿಂದಿನಿಂದ ಲೇತ್‌ನಲ್ಲಿ ಕಡಿಮೆ ವೇಗದಲ್ಲಿ ಬೋರ್ ಮಾಡಿ. ಹ್ಯಾಂಡ್ ಡ್ರಿಲ್ ಬೇಡ. ತೂತು ಕೇಂದ್ರದಿಂದ ಅರ್ಧ ಮಿಲಿಮೀಟರ್ ಸರಿದರೂ ಬೆಳಕಿನ ಕಂಬ ಒಂದು ಕಡೆಗೆ ಬಾಲ ಬಿಡುತ್ತದೆ.

ಬಲ್ಬು ಕೂರಿಸಲು ಹೊಸ ಹೋಲ್ಡರ್ ಮಾಡುವ ಕಷ್ಟ ಬೇಡ. ಬಲ್ಬು ಬಿಚ್ಚಿದ ಗುಜರಿ ಹೆಡ್‌ಲೈಟ್ ಸಿಕ್ಕರೆ, ಅದರ ಹಿಂದಿನ ಲೋಹದ ಉಂಗುರ ಮತ್ತು ಸ್ಪ್ರಿಂಗ್ ಕ್ಲಿಪ್ ಕತ್ತರಿಸಿ ತನ್ನಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಜಾಗದಲ್ಲಿ ಒಡೆದ ಹೆಡ್‌ಲೈಟುಗಳು ಸಿಗುತ್ತವೆ. ಆ ಉಂಗುರದ ಮುಖವೇ ಅಳತೆಯ ಮೂಲ. ಡಿ2ಎಸ್ ಮಾನದಂಡದ ಪ್ರಕಾರ ಬುಡದ ಆ ಮುಖದಿಂದ ಆರ್ಕ್‌ನ ನಡುವಿಗೆ ಸರಿಯಾಗಿ 27.1 ಮಿ.ಮೀ., ಎರಡು ಎಲೆಕ್ಟ್ರೋಡ್‌ಗಳ ನಡುವೆ 4.2 ಮಿ.ಮೀ. ಯಾವ ಕಂಪನಿಯ ಒಳ್ಳೆಯ ಬಲ್ಬು ತಂದರೂ ಇದು ಬದಲಾಗುವುದಿಲ್ಲ. ನಿಮ್ಮ ಹ್ಯಾಲೊಜೆನ್ ಬಲ್ಬಿನ ಬೆಳಗುವ ತಂತಿ (ಫಿಲಮೆಂಟ್) ರಿಫ್ಲೆಕ್ಟರಿನ ಹಿಂಬದಿಯಿಂದ ಎಷ್ಟು ಒಳಗಿತ್ತು ಎಂದು ಕ್ಯಾಲಿಪರ್‌ನಲ್ಲಿ ಅಳೆದು, ಆರ್ಕ್‌ನ ನಡುಭಾಗ ಅದೇ ಜಾಗಕ್ಕೆ ಬರುವಂತೆ ಉಂಗುರವನ್ನು ಹಿಂದೆ ಸರಿಸಿ ಕೂರಿಸಿ. ಉಂಗುರವನ್ನು ಮೂರು ಸ್ಕ್ರೂ, ಮೂರು ಸ್ಪ್ರಿಂಗ್ ಮೇಲೆ ನಿಲ್ಲಿಸಿದರೆ ಮುಂದೆ ಫೋಕಸ್ ಸರಿಪಡಿಸಲು ಅನುಕೂಲ. ಹ್ಯಾಲೊಜೆನ್ ಹೆಡ್‌ಲೈಟಿನ ಎಚ್4, ಎಚ್7 ಬುಡಕ್ಕೆ ಅಂಟಿಸಿ ಮಾರುವ ಅಗ್ಗದ ಕಿಟ್ ಬಲ್ಬುಗಳಲ್ಲಿ ಈ ಅಳತೆಯ ನಂಬಿಕೆ ಇಲ್ಲ. ಒಂದೇ ಡಬ್ಬಿಯ ಎರಡು ಬಲ್ಬುಗಳ ಆರ್ಕ್ ಬೇರೆ ಬೇರೆ ಜಾಗದಲ್ಲಿರುತ್ತದೆ. ಹೊರಗಾಜು ಅತಿನೇರಳೆಯನ್ನು ಎಷ್ಟು ತಡೆಯುತ್ತದೆ ಎನ್ನುವುದೂ ನೋಡಿ ಹೇಳಲಾಗದು.

ಮುಂದಿನ ಗಾಜಿಗೆ ಬೋರೋಸಿಲಿಕೇಟ್ ಹಾಕಿ. ಬಿಸಿ ಗಾಜಿನ ಮೇಲೆ ಮಳೆ ಹನಿ ಬಿದ್ದರೂ ಸೀಳುವುದಿಲ್ಲ, ಅಳಿದುಳಿದ ಗಡಸು ಅತಿನೇರಳೆಯನ್ನೂ ಅದು ಹಿಡಿದಿಡುತ್ತದೆ. ಬಲ್ಬನ್ನು ಯಾವಾಗಲೂ ಬುಡದಿಂದ ಹಿಡಿಯಿರಿ. ಗಾಜಿಗೆ ಬೆರಳು ತಾಗಿದರೆ ಬೆವರಿನ ಉಪ್ಪು ಬಿಸಿಯಲ್ಲಿ ಕ್ವಾರ್ಟ್ಜ್‌ಗೆ ಕಚ್ಚಿ ಬಿಳಿ ಮಚ್ಚೆಯಾಗುತ್ತದೆ, ಗಾಜು ಸೋಲುವುದು ಅಲ್ಲಿಂದಲೇ. ತಾಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊತ್ತಿಸಿ.

ಚಿಟ್ ಚಿಟ್ ಸದ್ದು ಮತ್ತು ಎರಡು ಸೆಕೆಂಡಿಗೆ ಆರುವುದು ಒಂದೇ ತೊಂದರೆ ಎಂದು ನೀವು ಭಾವಿಸಿದಂತಿದೆ. ಇವು ಬೇರೆ ಬೇರೆ.

ಸದ್ದು ಬಂದು ಹೊತ್ತದಿದ್ದರೆ ಇಗ್ನೈಟರಿನ (ಬಲ್ಬಿಗೆ ಮೊದಲ ಕಿಡಿ ಹಚ್ಚುವ ಭಾಗ) ಹೈವೋಲ್ಟೇಜ್ ಬಲ್ಬಿನೊಳಗೆ ಹೋಗದೆ ಹೊರಗೆಲ್ಲೋ ಹಾರುತ್ತಿದೆ ಎಂದರ್ಥ. ಈ ಬಲ್ಬಿಗೆ ಕಿಡಿ ಹಚ್ಚಲು ಇಗ್ನೈಟರ್ 23ರಿಂದ 25 ಸಾವಿರ ವೋಲ್ಟ್‌ವರೆಗೆ ಕೊಡುತ್ತದೆ. ಚೂಪಾದ ಲೋಹದ ತುದಿಗಳಿದ್ದರೆ ಅಷ್ಟು ವೋಲ್ಟೇಜ್ ಒಣ ಗಾಳಿಯಲ್ಲೂ 2 ಸೆಂ.ಮೀ. ದಾಟಬಲ್ಲದು, ಮಳೆಗಾಲದ ತೇವದಲ್ಲಿ ಪ್ಲಾಸ್ಟಿಕ್ಕಿನ ಮೈಮೇಲೆ ಹರಿದು ಇನ್ನೂ ಸುಲಭವಾಗಿ ದಾರಿ ಹುಡುಕುತ್ತದೆ. ನೀವು ಮೊಸಳೆ ಕ್ಲಿಪ್ ಹಾಕಿರಬೇಕು. ಅದರ ಹಲ್ಲುಗಳೇ ಕಿಡಿಗೆ ಹೇಳಿ ಮಾಡಿಸಿದ ಜಾಗ.

ಇಲ್ಲಿ ಇನ್ನೊಂದು ವಿಷಯವನ್ನು ಬಲ್ಬು ಕೈಯಲ್ಲಿ ಹಿಡಿದು ನೋಡಿ. ಹಿಂಭಾಗದ ನಡುವಿನ ಪಿನ್ ಪ್ಲಾಸ್ಟಿಕ್ ಬುಡದ ಆಳದಲ್ಲಿದೆ. ಹೈವೋಲ್ಟೇಜ್ ಹೋಗಬೇಕಾದದ್ದು ಅದಕ್ಕೆ. ಸುತ್ತಲಿನ ಸಂಪರ್ಕ ಸೆರಾಮಿಕ್ ಕೊಳವೆಯೊಳಗಿನ ಹೊರತಂತಿಗೆ ಸೇರುತ್ತದೆ, ಅದು ಹಿಂತಿರುಗುವ ದಾರಿ. ಬ್ಯಾಲಸ್ಟ್ ಎಸಿ ಕೊಡುವುದರಿಂದ ಎರಡನ್ನೂ ಅದಲುಬದಲು ಮಾಡಿದರೂ ಬಲ್ಬು ಹೊತ್ತುತ್ತದೆ, ಆದ್ದರಿಂದ ತಪ್ಪು ಗೊತ್ತಾಗುವುದಿಲ್ಲ. ಆದರೆ ಆಗ ಹೊರಗೆ ಬಿದ್ದಿರುವ ಆ ತಂತಿಯಲ್ಲೇ ಇಪ್ಪತ್ತು ಸಾವಿರ ವೋಲ್ಟ್ ದಾಟಿದ ಪೆಟ್ಟು ಬರುತ್ತದೆ, ಅದೂ ನಿಮ್ಮ ಲೋಹದ ರಿಫ್ಲೆಕ್ಟರಿನಿಂದ ಕೆಲವೇ ಮಿಲಿಮೀಟರ್ ದೂರದಲ್ಲಿ. ಅಲ್ಲಿಂದ ಟಾರ್ಚಿನ ಅಲ್ಯುಮಿನಿಯಂ ಮೈಗೆ, ಮೈಯಿಂದ ನಿಮ್ಮ ಕೈಗೆ. ನೀವು ಆ ತಂತಿಯನ್ನು ಇನ್ನೂ ಒಳಕ್ಕೆ ಬಾಗಿಸಲು ಹೊರಟಿದ್ದಿರಿ. ಅದನ್ನು ಹಾಗೆಯೇ ಬಿಡಿ, ಸೆರಾಮಿಕ್ ಕೊಳವೆ ತೆಗೆಯಬೇಡಿ. ಇಗ್ನೈಟರಿನ ಮೂಲ ಡಿ2 ಕನೆಕ್ಟರನ್ನೇ ಬಳಸಿ. ಅದು ತಿರುಗಿಸಿ ಲಾಕ್ ಆಗುವಂಥದ್ದು, ಉಲ್ಟಾ ಹಾಕಲು ಬರುವುದೇ ಇಲ್ಲ. ಇಗ್ನೈಟರ್ ಬಲ್ಬಿನ ಬೆನ್ನಿಗೇ ಇರಲಿ, ಹೈವೋಲ್ಟೇಜ್ ತಂತಿ ಉದ್ದ ಮಾಡಬೇಡಿ. ಟಾರ್ಚಿನ ಒಳಮೈಗೆ ಆ ಭಾಗದಲ್ಲಿ ದಪ್ಪ ಸಿಲಿಕೋನ್ ಹಾಳೆ ಸುತ್ತಿ.

ಸೋರಿಕೆ ಎಲ್ಲಿದೆ ಎಂದು ಕಣ್ಣಾರೆ ನೋಡಬಹುದು. ರಾತ್ರಿ ದೀಪ ಆರಿಸಿ, ಟಾರ್ಚನ್ನು ಒಣ ಮರದ ಹಲಗೆ ಮೇಲಿಟ್ಟು, ಬ್ಯಾಟರಿ ಮತ್ತು ಸ್ವಿಚ್ಚನ್ನು ಉದ್ದ ತಂತಿಯಲ್ಲಿ ಎರಡು ಮೀಟರ್ ಆಚೆ ಇರಿಸಿ, ಕನ್ನಡಕ ಹಾಕಿಕೊಂಡು ಹೊತ್ತಿಸಿ. ಸೋರುವ ಕಡೆ ನೀಲಿ ಎಳೆ ಕಾಣುತ್ತದೆ. ನೋಡಿದ ಮೇಲೆ ಬ್ಯಾಟರಿ ಕಳಚಿ ಒಂದೆರಡು ನಿಮಿಷ ಬಿಟ್ಟು ಮುಟ್ಟಿ, ಬ್ಯಾಲಸ್ಟಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರಬಹುದು.

ಹೊತ್ತಿ ಎರಡು ಸೆಕೆಂಡಿಗೆ ಆರುವುದು ಬ್ಯಾಟರಿಯ ದೋಷ ಎಂದೇ ನನಗನ್ನಿಸುತ್ತದೆ. ಕಾರಿನ ಎಚ್‌ಐಡಿಗೆ ಯುರೋಪಿನ ನಿಯಮ ಒಂದು ಸೆಕೆಂಡಿನಲ್ಲಿ ಕಾಲುಭಾಗ, ನಾಲ್ಕು ಸೆಕೆಂಡಿನಲ್ಲಿ ಶೇ. 80ರಷ್ಟು ಬೆಳಕು ಬರಬೇಕೆನ್ನುತ್ತದೆ. ತಣ್ಣಗಿನ ಬಲ್ಬನ್ನು ಅಷ್ಟು ಬೇಗ ಬಿಸಿ ಮಾಡಲು ಬ್ಯಾಲಸ್ಟ್ ಮೊದಲ ಕೆಲವು ಸೆಕೆಂಡು 35 ವ್ಯಾಟಿನ ಎರಡು ಪಟ್ಟಿನಷ್ಟು, 75 ವ್ಯಾಟಿನವರೆಗೂ ಕೊಡುತ್ತದೆ. ಬ್ಯಾಲಸ್ಟಿನ ನಷ್ಟ ಸೇರಿದರೆ ಬ್ಯಾಟರಿಯಿಂದ ಎಳೆಯುವುದು 85-90 ವ್ಯಾಟ್. ಮೂರು ಲಿಥಿಯಂ ಸೆಲ್ಲಿನ ಪ್ಯಾಕು 10.5 ವೋಲ್ಟಿನಲ್ಲಿದ್ದರೆ ಅದು 8 ಆಂಪಿಯರ್ ಮೀರುತ್ತದೆ. ಹಳೆಯ ಸೆಲ್ಲು ಅಷ್ಟು ಎಳೆತಕ್ಕೆ 9 ವೋಲ್ಟಿಗೆ ಕುಸಿದರೆ ಬ್ಯಾಲಸ್ಟ್ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಕಾರಿನ 12 ವೋಲ್ಟ್ ಬ್ಯಾಟರಿಗೆ ಒಮ್ಮೆ ಜೋಡಿಸಿ ನೋಡಿ. ಅಲ್ಲಿ ಆರದಿದ್ದರೆ ಬಲ್ಬು, ಬ್ಯಾಲಸ್ಟ್ ಎರಡೂ ಚೆನ್ನಾಗಿವೆ.

ನಾಲ್ಕು ಸೆಲ್ಲಿನ ಲಿಥಿಯಂ ಅಯಾನ್ ಮಾಡೋಣ ಎಂದರೆ ಪೂರ್ತಿ ಚಾರ್ಜಿನಲ್ಲಿ 16.8 ವೋಲ್ಟ್ ಆಗುತ್ತದೆ, ಅನೇಕ ಬ್ಯಾಲಸ್ಟುಗಳ ಮಿತಿ 16. ನಿಮಗೆ ಒಪ್ಪುವುದು ನಾಲ್ಕು ಸೆಲ್ಲಿನ ಲಿಥಿಯಂ ಐರನ್ ಫಾಸ್ಫೇಟ್: ಕೆಲಸದಲ್ಲಿ 12.8, ಪೂರ್ತಿ ಚಾರ್ಜಿನಲ್ಲಿ 14.6 ವೋಲ್ಟ್, ಅಂದರೆ ಹೆಚ್ಚುಕಡಿಮೆ ಕಾರಿನ ವೋಲ್ಟೇಜೇ. 6 ಆಂಪಿಯರ್-ಅವರ್ ಸೆಲ್ಲುಗಳಾದರೆ ಒಟ್ಟು 77 ವ್ಯಾಟ್-ಅವರ್. ಬ್ಯಾಲಸ್ಟ್ ನಿರಂತರವಾಗಿ 41 ವ್ಯಾಟಿನಷ್ಟು ತಿನ್ನುತ್ತದೆ ಎಂದುಕೊಂಡರೆ ಒಂದೂವರೆ ಗಂಟೆ ನಿಶ್ಚಿಂತೆ. ಸುರಕ್ಷಾ ಬೋರ್ಡು 15 ಆಂಪಿಯರ್ ತಡೆಯುವಂಥದ್ದಿರಲಿ, ಪ್ಯಾಕಿನ ಪ್ಲಸ್ ತುದಿಯ ಹತ್ತಿರವೇ 15 ಆಂಪಿಯರ್ ಫ್ಯೂಸ್ ಇರಲಿ.

ಇನ್ನು 55 ವ್ಯಾಟ್. ನಿಮಗೆ ಬೇಕಾದದ್ದು ದೂರ, ಆದ್ದರಿಂದ ದೂರದ ಲೆಕ್ಕದಲ್ಲೇ ನೋಡೋಣ. 35ರಿಂದ 55ಕ್ಕೆ ಏರಿಸಿದರೆ ಬೆಳಕು ವ್ಯಾಟಿನಷ್ಟೇ ಏರಿತು ಎಂದುಕೊಂಡರೂ 1.57 ಪಟ್ಟು, ದೂರ ಅದರ ವರ್ಗಮೂಲ, 1.25 ಪಟ್ಟು. ಬದಲಿಗೆ ಅದೇ 35 ವ್ಯಾಟನ್ನು 150 ಮಿ.ಮೀ. ರಿಫ್ಲೆಕ್ಟರಿನಲ್ಲಿ ಇಟ್ಟರೆ ಬಾಯಿಯ ವಿಸ್ತೀರ್ಣ 2.25 ಪಟ್ಟು, ದೂರ ಒಂದೂವರೆ ಪಟ್ಟು, ಬ್ಯಾಟರಿ ಮೇಲೆ ಒಂದು ವ್ಯಾಟ್ ಹೆಚ್ಚಿನ ಹೊರೆಯಿಲ್ಲ. ದೂರ ಓಡುವ ಬೆಳಕು ಹುಟ್ಟುವುದು ಆರ್ಕ್‌ನ ಮೈ ಎಷ್ಟು ಪ್ರಖರ ಮತ್ತು ಕನ್ನಡಿ ಎಷ್ಟು ಅಗಲ ಎಂಬ ಎರಡರ ಗುಣಾಕಾರದಿಂದ. ಬಲ್ಬಿಗೆ ಕೈ ಹಾಕುವವರು ಬಹುತೇಕ ಮೊದಲನೆಯದರ ಹಿಂದೆ ಬೀಳುತ್ತಾರೆ. ಸುಲಭವಾಗಿ, ಸುರಕ್ಷಿತವಾಗಿ ಸಿಗುವುದು ಎರಡನೆಯದು.

55 ವ್ಯಾಟಿನಿಂದ ಬಲ್ಬಿಗೆ ಆಗುವುದನ್ನೂ ಹೇಳಬೇಕು. ಡಿ2ಎಸ್ 85 ವೋಲ್ಟಿನಲ್ಲಿ ಉರಿಯುತ್ತದೆ, 35 ವ್ಯಾಟಿಗೆ 0.41 ಆಂಪಿಯರ್. ಅದರ ಟಂಗ್‌ಸ್ಟನ್ ಎಲೆಕ್ಟ್ರೋಡುಗಳು ಅಷ್ಟಕ್ಕೆಂದೇ ಮಾಡಿದ ಸಣ್ಣ ಕಡ್ಡಿಗಳು. 55 ವ್ಯಾಟಿನಲ್ಲಿ ತುದಿ ಕರಗಿ ಹಿಂದೆ ಸರಿಯುತ್ತದೆ, ಆವಿಯಾದ ಟಂಗ್‌ಸ್ಟನ್ ಗುಳ್ಳೆಯ ಗೋಡೆಗೆ ಕಪ್ಪಾಗಿ ಹತ್ತುತ್ತದೆ, ಕಪ್ಪು ಗೋಡೆ ಇನ್ನಷ್ಟು ಶಾಖ ಹೀರಿ ಕ್ವಾರ್ಟ್ಜ್ ಮೆತ್ತಗಾಗಿ ಉಬ್ಬುತ್ತದೆ. ಹೊಸ, ಒಳ್ಳೆಯ ಬಲ್ಬಾದರೆ ಕೆಲಕಾಲ ತಡೆದುಕೊಳ್ಳಬಹುದು. ನಿಮ್ಮದು ಗುಜರಿ ಕಾರಿನಿಂದ ಬಂದದ್ದು, ಎಷ್ಟು ಉರಿದಿದೆ ಎಂದು ಯಾರೂ ಹೇಳಲಾರರು. ಹಾಗಾಗಿ ಬೇಡ ಎಂದೇ ನನ್ನ ಉತ್ತರ. 35ರಲ್ಲಿ ಉರಿಸುವ ಮೊದಲೂ ಬಲ್ಬನ್ನು ಭೂತಗನ್ನಡಿಯಲ್ಲಿ ನೋಡಿ. ಗುಳ್ಳೆ ಎರಡೂ ಬದಿಗೆ ಸಮವಾಗಿದೆಯೇ, ಒಂದು ಕಡೆ ಉಬ್ಬಿದೆಯೇ, ಹಾಲಿನಂತೆ ಮಸುಕಾಗಿದೆಯೇ? ಉರಿಸಿದಾಗ ಬೆಳಕಿಗೆ ಗುಲಾಬಿ, ನೇರಳೆ ಛಾಯೆ ಬಂದಿದ್ದರೆ ಲವಣ ಖಾಲಿಯಾಗುತ್ತಿದೆ, ಅದರ ಆಯಸ್ಸು ಮುಗಿಯಿತು.

ಗುಜರಿಯಲ್ಲಿ ಇನ್ನೊಂದು ಬಲ್ಬು ಹುಡುಕುವಾಗ ಡಿ4ಎಸ್ ಕೈಗೆ ಬರಬಹುದು. ಡಿ2ಎಸ್‌ನಂತೆಯೇ ಕಾಣುತ್ತದೆ, ಪಾದರಸವಿಲ್ಲದ್ದು ಎಂಬ ಆಸೆಯೂ ಹುಟ್ಟುತ್ತದೆ. ಆದರೆ ಅದು ಉರಿಯುವುದು 42 ವೋಲ್ಟಿನಲ್ಲಿ, ಎಳೆಯುವುದು 0.83 ಆಂಪಿಯರ್. ನಿಮ್ಮ ಬ್ಯಾಲಸ್ಟ್ ಅದಕ್ಕಲ್ಲ. ಬುಡದ ಕಚ್ಚುಗಳನ್ನೇ ಬೇರೆ ಮಾಡಿ ಒಂದರ ಜಾಗದಲ್ಲಿ ಇನ್ನೊಂದು ಕೂರದಂತೆ ಮಾಡಿದ್ದಾರೆ. ಆ ಕಚ್ಚನ್ನು ಅರದಲ್ಲಿ ಉಜ್ಜಿ ಕೂರಿಸುವವರನ್ನು ಕಂಡಿದ್ದೇನೆ, ನೀವು ಹಾಗೆ ಮಾಡಬೇಡಿ. ಡಿಸಿ ಬ್ಯಾಲಸ್ಟ್ ಎಂದು ಮಾರುವ ಅಗ್ಗದ ಪೆಟ್ಟಿಗೆಗಳನ್ನೂ ದೂರವಿಡಿ. ಒಂದೇ ದಿಕ್ಕಿನ ಕರೆಂಟಿನಲ್ಲಿ ಲವಣ ಒಂದು ತುದಿಗೆ ಸರಿದು ಕೂಡುತ್ತದೆ, ಆರ್ಕ್ ಅರ್ಧ ಒಂದು ಬಣ್ಣ ಅರ್ಧ ಇನ್ನೊಂದು ಬಣ್ಣವಾಗುತ್ತದೆ, ಎಲ್ಲ ಬಿಸಿ ಒಂದೇ ಎಲೆಕ್ಟ್ರೋಡಿಗೆ ಬೀಳುತ್ತದೆ.

8000 ಕೆಲ್ವಿನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆ ಅಂಕಿ ಬೆಳಕಿನ ಪ್ರಮಾಣವಲ್ಲ, ಬಣ್ಣ. ಕಾರಿನ ಮೂಲ ಬಲ್ಬುಗಳು 4300 ಕೆಲ್ವಿನ್ ಆಸುಪಾಸಿನಲ್ಲಿರುವುದು ಅಲ್ಲಿ ಲವಣದ ಮಿಶ್ರಣದಿಂದ ಹೆಚ್ಚಿನ ಬೆಳಕು ಸಿಗುವುದರಿಂದ, 35 ವ್ಯಾಟಿಗೆ ಸುಮಾರು 3200 ಲುಮೆನ್ (ಬಲ್ಬು ಬಿಡುವ ಒಟ್ಟು ಬೆಳಕಿನ ಅಳತೆ). ನೀಲಿಗೆ ಸರಿದಂತೆ ಲುಮೆನ್ ಇಳಿಯುತ್ತದೆ. ಮಂಜು, ಹೊಗೆ ಇರುವ ರಾತ್ರಿ ನಿಮ್ಮ ಮುಂದಿನ ನೀಲಿ ಕಂಬವೇ ಕಣ್ಣು ಕೋರೈಸಿ ಆಚೆಗಿನ ಗದ್ದೆ ಕಾಣದಂತೆ ಮಾಡುತ್ತದೆ. 4300ರಲ್ಲೇ ಇರಿ.

ಹಾಗಾದರೆ ನಿಮ್ಮ 600 ಮೀಟರ್ ಸಾಧ್ಯವೇ? ಕಾಗದದ ಲೆಕ್ಕ ಹೀಗೆ. 3200 ಲುಮೆನ್ ಆರ್ಕ್ ಪಕ್ಕಕ್ಕೆ ಸುಮಾರು 300 ಕ್ಯಾಂಡೆಲಾ (ಒಂದು ದಿಕ್ಕಿಗೆ ಹೋಗುವ ಬೆಳಕಿನ ತೀವ್ರತೆಯ ಅಳತೆ) ಬಿಡುತ್ತದೆ. ಉದ್ದ 4.2, ದಪ್ಪ ಸುಮಾರು ಒಂದು ಮಿಲಿಮೀಟರ್, ಅಂದರೆ ಪ್ರತಿ ಚದರ ಮಿ.ಮೀ.ಗೆ 70 ಕ್ಯಾಂಡೆಲಾದಷ್ಟು. 100 ಮಿ.ಮೀ. ಬಾಯಿಯ ವಿಸ್ತೀರ್ಣ 7850 ಚದರ ಮಿ.ಮೀ. ಕನ್ನಡಿ, ಗಾಜು, ಫೋಕಸ್ ನಷ್ಟಗಳನ್ನೆಲ್ಲ ಕಳೆದು 3 ಲಕ್ಷ ಕ್ಯಾಂಡೆಲಾ ಉಳಿಯಿತು ಎಂದುಕೊಳ್ಳಿ. ಟಾರ್ಚ್ ಕಂಪನಿಗಳು ಡಬ್ಬಿ ಮೇಲೆ ಅಚ್ಚು ಹಾಕುವ ದೂರ 0.25 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಬೀಳುವ ಜಾಗ, ಹುಣ್ಣಿಮೆ ಬೆಳದಿಂಗಳಿನಷ್ಟು. ಆ ಲೆಕ್ಕದಲ್ಲಿ ನಿಮ್ಮದು 1 ಕಿ.ಮೀ. ಮೀರಿದ ಟಾರ್ಚ್. ಆದರೆ 600 ಮೀಟರ್ ಆಚೆ ಕಂದು ಬಣ್ಣದ ಹಂದಿಯನ್ನು ಮಣ್ಣಿನಿಂದ ಬೇರ್ಪಡಿಸಿ ನೋಡಲು ಬೆಳದಿಂಗಳು ಸಾಲದು. ನಿಮ್ಮ ಗದ್ದೆಯಲ್ಲಿ ಬೀಳುವುದು 0.8 ಲಕ್ಸ್. ಬರಿಗಣ್ಣಿಗೆ ಏನೋ ಓಡಾಡುತ್ತಿದೆ ಎಂದು ಗೊತ್ತಾಗುತ್ತದೆ, ಬೈನಾಕ್ಯುಲರ್ ಇದ್ದರೆ ಹಂದಿಯೋ ದನವೋ ತಿಳಿಯುತ್ತದೆ. 150 ಮಿ.ಮೀ. ರಿಫ್ಲೆಕ್ಟರಿನಲ್ಲಿ ಇದೇ ಬಲ್ಬು 1.9 ಲಕ್ಸ್ ಕೊಡುತ್ತದೆ.

ಈ ಎಲ್ಲ ಅಂಕಿ ಫೋಕಸ್ ಸರಿಯಿದ್ದರೆ ಮಾತ್ರ ನಿಲ್ಲುತ್ತವೆ, ಮನೆಯಲ್ಲಿ ಮಾಡಿದ ಎಚ್‌ಐಡಿ ಟಾರ್ಚುಗಳು ಸೋಲುವುದು ಬಹುತೇಕ ಇಲ್ಲೇ. ಎದುರಿನ ಕೋಣೆ ಗೋಡೆಗೆ ಬಿಟ್ಟು ಫೋಕಸ್ ಮಾಡಬೇಡಿ. ಅಲ್ಲಿ ಚೆಂದ ಕಂಡ ಚುಕ್ಕಿ 600 ಮೀಟರಿನಲ್ಲಿ ಚದುರಿರುತ್ತದೆ. ಕನಿಷ್ಠ 50 ಮೀಟರ್ ಆಚೆಯ ಗೋಡೆ ಬೇಕು, ಹೆಚ್ಚಾದಷ್ಟೂ ಒಳ್ಳೆಯದು. ಬಲ್ಬು ಹೊತ್ತಿಸಿ ಒಂದು ನಿಮಿಷ ಬಿಡಿ, ಆರ್ಕ್ ನೆಲೆ ನಿಂತ ಮೇಲೆ ನೋಡಿ. ನಡುವೆ ಕಪ್ಪು ಮಚ್ಚೆಯ ಉಂಗುರ ಕಂಡರೆ ಆರ್ಕ್ ಫೋಕಸ್‌ನ ಹಿಂದೆಯೋ ಮುಂದೆಯೋ ಇದೆ. ಮೂರೂ ಸ್ಕ್ರೂಗಳನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ನೋಡಿ. ಎಂ3 ಸ್ಕ್ರೂ ಒಂದು ಸುತ್ತಿಗೆ ಅರ್ಧ ಮಿಲಿಮೀಟರ್ ಸರಿಯುತ್ತದೆ, ಅಂದರೆ ಕಾಲು ಸುತ್ತು ಮಿಲಿಮೀಟರಿನ ಎಂಟನೇ ಒಂದು ಭಾಗ. ಫೋಕಸ್ ಇಷ್ಟಕ್ಕೇ ಬದಲಾಗುತ್ತದೆ. ಉಂಗುರ ಮುಚ್ಚಿ ಚುಕ್ಕಿ ಅತ್ಯಂತ ಸಣ್ಣದಾದ ಜಾಗ ಸಿಕ್ಕಿದ ಮೇಲೆ ಸ್ಕ್ರೂಗಳಿಗೆ ಶಾಖ ತಡೆಯುವ ಲಾಕ್ ಅಂಟು ಹಾಕಿ. ಸೆರಾಮಿಕ್ ಕೊಳವೆ ಕೆಳಬದಿಗೆ ಬರುವಂತೆ ಬಲ್ಬನ್ನು ಕೂರಿಸಿ, ಟಾರ್ಚಿಗೆ ಹಿಡಿಕೆಯಿದ್ದರೆ ಅದು ಯಾವಾಗಲೂ ಹಾಗೇ ಉಳಿಯುತ್ತದೆ. ಅದರ ಸಣ್ಣ ನೆರಳು ಬೀಳುತ್ತದೆ, ತೊಂದರೆಯಿಲ್ಲ.

ಈ ಬಲ್ಬನ್ನು ಮಲಗಿ ಉರಿಯಲೆಂದು ಮಾಡಿದ್ದಾರೆ. ಟಾರ್ಚನ್ನು ಸ್ವಲ್ಪ ಹೊತ್ತು ಮೇಲಕ್ಕೋ ಕೆಳಕ್ಕೋ ತಿರುಗಿಸಿದರೆ ಏನೂ ಆಗದು. ಆದರೆ ನೆಟ್ಟಗೆ ನಿಲ್ಲಿಸಿ ಅಂಗಳದ ದೀಪದಂತೆ ಗಂಟೆಗಟ್ಟಲೆ ಉರಿಸಬೇಡಿ, ಲವಣ ಕೆಳತುದಿಗಿಳಿದು ಮೇಲಿನ ಎಲೆಕ್ಟ್ರೋಡ್ ಅತಿಯಾಗಿ ಬಿಸಿಯಾಗುತ್ತದೆ. ಹಂದಿ ಬಂತೇ ಎಂದು ಐದು ನಿಮಿಷಕ್ಕೊಮ್ಮೆ ಹಾಕಿ ಆರಿಸುವ ಅಭ್ಯಾಸವೂ ಬೇಡ. ಒಳ್ಳೆಯ ಡಿ2ಎಸ್ 2000-3000 ಗಂಟೆ ಬಾಳುವಂಥದ್ದು, ಅದನ್ನು ಸವೆಸುವುದು ಉರಿಯುವುದಕ್ಕಿಂತ ಹೊತ್ತಿಸುವುದು. ಹತ್ತಿರದ ಓಡಾಟಕ್ಕೆ ಸಣ್ಣ ಎಲ್‌ಇಡಿ ಟಾರ್ಚ್ ಇಟ್ಟುಕೊಂಡು, ಗದ್ದೆ ನೋಡಬೇಕಾದಾಗ ಇದನ್ನು ಹಾಕಿ, ನೋಡುವಷ್ಟು ಹೊತ್ತು ಉರಿಸಿ.

ನೀವು ಕೇಳದಿದ್ದರೂ ಹೇಳಬೇಕಾದ ಮಾತೊಂದಿದೆ. ಸೊನ್ನೆಯಿಂದ ಶುರು ಮಾಡುವವರಿಗೆ ನಾನು ಇಂದು ಎಚ್‌ಐಡಿ ಹೇಳುವುದಿಲ್ಲ. 1991ರಲ್ಲಿ ಬಿಎಂಡಬ್ಲ್ಯು 7 ಸೀರೀಸ್‌ನಲ್ಲಿ ಈ ದೀಪ ಮೊದಲು ಬಂದಾಗ ಇದಕ್ಕೆ ಸಾಟಿ ಇರಲಿಲ್ಲ. ಈಗ ಸಣ್ಣ ಚಿಪ್ಪಿನ ಎಲ್‌ಇಡಿಗಳ ಮೈ ಪ್ರಖರತೆ ಡಿ2ಎಸ್ ಆರ್ಕ್‌ನ ಸರಾಸರಿಯನ್ನು ದಾಟಿದೆ, ಹೈವೋಲ್ಟೇಜ್ ಇಲ್ಲ, ಪಾದರಸ ಇಲ್ಲ, ಸ್ವಿಚ್ ಒತ್ತಿದ ಕ್ಷಣ ಪೂರ್ತಿ ಬೆಳಕು. ಆದರೂ ನಿಮ್ಮ ಹತ್ತಿರ ಬಲ್ಬು, ಬ್ಯಾಲಸ್ಟ್, ಲೇತ್, ಕೈಚಳಕ ಎಲ್ಲ ಇದೆ, ಅರ್ಧ ಕೆಲಸ ಮುಗಿದಿದೆ. ಎಚ್‌ಐಡಿ ಬೆಳಕಿನ ಕಂಬಕ್ಕೆ ಒಂದು ತುಂಬಿದ ಗುಣವಿದೆ, ದೂರದ ಚುಕ್ಕಿಯ ಸುತ್ತ ಇಡೀ ಬಯಲು ಕಾಣುತ್ತದೆ. ಸಣ್ಣ ಚಿಪ್ಪಿನ ದೂರದ ಟಾರ್ಚುಗಳಲ್ಲಿ ಅದು ಸಿಗುವುದಿಲ್ಲ. ಗದ್ದೆ ಕಾಯಲು ಅದೇ ಬೇಕು. ಆದ್ದರಿಂದ ಇದನ್ನು ಮುಗಿಸಿ.

ಪ್ರೊಜೆಕ್ಟರ್ ಬಲ್ಬಿನ ಆಸೆ ಏಕೆ ಹುಟ್ಟಿತು ಎಂದು ಅರ್ಥವಾಗುತ್ತದೆ. ಅದರ ಆರ್ಕ್ ಒಂದು ಮಿಲಿಮೀಟರಿನ ಆಸುಪಾಸು, ಮೈ ಪ್ರಖರತೆ ಡಿ2ಎಸ್‌ಗಿಂತ ಎಷ್ಟೋ ಪಟ್ಟು, ಕಾಗದದ ಮೇಲೆ ದೂರಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಸಣ್ಣ ಆರ್ಕ್‌ನ ದಾರಿಯಲ್ಲಿ ಹೋಗಿ ಯಶಸ್ಸು ಕಂಡ ಮ್ಯಾಕ್ಸಬೀಮ್‌ನಂಥ ವೃತ್ತಿಪರ ಸರ್ಚ್‌ಲೈಟುಗಳೂ ಇವೆ, ಅವು 75 ವ್ಯಾಟಿನ ಕ್ಸೆನಾನ್ ಶಾರ್ಟ್ ಆರ್ಕ್ ಬಳಸುತ್ತವೆ, ಬಲ್ಬಿಗೆ ತಕ್ಕಂತೆ ಇಡೀ ಯಂತ್ರವನ್ನೇ ರೂಪಿಸಿದ್ದಾರೆ. ಪ್ರೊಜೆಕ್ಟರ್ ಬಲ್ಬಿನೊಳಗೆ ಉರಿಯುವಾಗ ಹೊರಗಿನ ಗಾಳಿಯ 200 ಪಟ್ಟಿನಷ್ಟು ಪಾದರಸದ ಒತ್ತಡ ಇರುತ್ತದೆ. ಅದನ್ನು ಪ್ರೊಜೆಕ್ಟರಿನ ಫ್ಯಾನು ಲೆಕ್ಕ ಹಾಕಿದ ವೇಗದ ಗಾಳಿಯಲ್ಲಿ, ಒಂದು ಮಿತಿಗಿಂತ ಹೆಚ್ಚು ಬಿಸಿಯಾಗದಂತೆ, ಕಡಿಮೆಯೂ ಆಗದಂತೆ ಕಾಯುತ್ತದೆ. ಮೊಹರು ಮಾಡಿದ ಟಾರ್ಚಿನೊಳಗೆ ಆ ಗಾಳಿಯಿಲ್ಲ. ಒಳ್ಳೆಯ ಪ್ರೊಜೆಕ್ಟರಿನೊಳಗೂ ಆಯಸ್ಸು ಮೀರಿದ ಬಲ್ಬುಗಳು ಸಿಡಿಯುತ್ತವೆ, ಅಲ್ಲಿ ಸುತ್ತ ಲೋಹದ ಪೆಟ್ಟಿಗೆ ಇರುತ್ತದೆ, ಇಲ್ಲಿ ನಿಮ್ಮ ಕೈ ಇರುತ್ತದೆ. ಅದನ್ನು ಟಾರ್ಚಿಗೆ ಹಾಕಬೇಡಿ.